ಮುಚ್ಚಿದ ವಾಲ್ವ್

"ತಲೆ ಸ್ವಲ್ಪ ಎತ್ತಿ ಹಿಡೀರಿ ಮೇಡಂ," ಎನ್ನುತ್ತ ಮಗಳು ತೀರಿಹೋದ ಅಪ್ಪನ ಕುತ್ತಿಗೆಯಡಿ ದಿಂಬು ಸರಿಸಿದಳು.

ವಿಜ್ಞಾನಿ ಎತ್ತಿ ಹಿಡಿದಳು. ಇಪ್ಪತ್ತು ವರ್ಷ ಈ ತಲೆ ಅವಳ ಲ್ಯಾಬಿನ ಸೂಕ್ಷ್ಮದರ್ಶಕದ ಮೇಲೆ ಬಾಗಿತ್ತು. ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಒಸರುವ ಜೀವಕೋಶಗಳ ಪುಟ್ಟ ಪುಟ್ಟ ಗುಂಪುಗಳನ್ನು ಕಾಳು ಆರಿಸಿದಂತೆ ಆರಿಸುತ್ತಿದ್ದ ಸಹಾಯಕರಿಗೆ ಎಲ್ಲರೂ ಇಟ್ಟ ಹೆಸರು ಕಾಳುಮಾಮ. ತಮಗೇ ಸಕ್ಕರೆ ಕಾಯಿಲೆ ಬಂದಾಗ, "ಇಲಿಗಳದ್ದು ಆರಿಸ್ತಾ ಕೂತೆ, ನನ್ನದು ಕೈಕೊಡ್ತು ನೋಡಿ," ಎಂದು ನಕ್ಕಿದ್ದರು.

"ಇನ್ಸುಲಿನ್ ತಪ್ಪಿಸ್ತಿದ್ರಾ?" ವಿಜ್ಞಾನಿ ಅವರ ಹೆಂಡತಿಯನ್ನು ಕೇಳಿದಳು.

"ಅಯ್ಯೋ, ತಪ್ಪಿಸೋದಾ!" ಹೆಂಡತಿ ಗೋಡೆಯ ಕ್ಯಾಲೆಂಡರ್ ತೋರಿಸಿದರು. ದಿನಕ್ಕೆರಡು ರುಜು, ಎರಡೂ ಆಕೆಯದೇ. "ಚುಚ್ಚಿಕೊಳ್ಳೋವಾಗ ನಾನು ಎದುರಿಗಿರಬೇಕು. 'ನನ್ನ ನೆನಪು ನಂಬಬೇಡ ಕಣೇ, ಮೇಡಂ ಕೋಶಗಳನ್ನ ಸಾಯಿಸಿದೋನು ನಾನು' ಅಂತಿದ್ರು. ಹನ್ನೊಂದು ವರ್ಷ ಹೀಗೇ."

ವಿಜ್ಞಾನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

*

ಹನ್ನೊಂದು ವರ್ಷದ ಹಿಂದೆ, ಶನಿವಾರ. ಕಾಳುಮಾಮ ಬೀಗ ಹಾಕಿ ಹೋದ ಮೇಲೆ ಅವಳು ತನ್ನ ಕೀಲಿಯಿಂದ ಒಳಗೆ ಬಂದಿದ್ದಳು. ಎಲ್ಲೋ ಗ್ಯಾಸ್ ಸೋರುವ ಸದ್ದು. ಕೋಶಗಳನ್ನು ಬದುಕಿಸಿಡುವ ಪೆಟ್ಟಿಗೆಗೆ ಗ್ಯಾಸ್ ಬಿಡುವ ವಾಲ್ವ್ ಮುಚ್ಚಿ ಪರೀಕ್ಷಿಸಿದಳು, ಅಷ್ಟರಲ್ಲಿ ಫೋನ್ ಬಂತು, ತೆರೆಯುವುದನ್ನು ಮರೆತು ಹೊರಟೇಹೋದಳು. ಸೋಮವಾರ ಕೋಶಗಳೆಲ್ಲ ಸತ್ತು ಎರಡು ವರ್ಷದ ಕೆಲಸ ನೀರಿನಲ್ಲಿ ಹೋಮವಾಗಿತ್ತು.

"ಕೊನೇಲಿ ಬೀಗ ಹಾಕಿದ್ದು ಯಾರು?" ನಿರ್ದೇಶಕರು ಗುಡುಗಿದರು.

ಅವಳು ಕಾಳುಮಾಮನತ್ತ ನೋಡಿದಳು. ನೋಡಿದ್ದು ಅಷ್ಟೇ.

"ತೆರೆದೇ ಇತ್ತು ಅಂತ ನೆನಪು ಸಾರ್," ಎಂದರು ಮಾಮ. "ಇಲ್ವೇನೋ. ನಾನೇ ಮುಚ್ಚಿರಬೇಕು."

ಅಂದಿನಿಂದ ನಿವೃತ್ತಿಯವರೆಗೆ ಅವರು ಗಾಜಿನ ಸೀಸೆ ತೊಳೆದರು.

*

"ಅಮ್ಮಾ, ಆ ವಾಲ್ವ್ ವಿಷಯ..." ವಿಜ್ಞಾನಿ ಶುರುಮಾಡಿದಳು.

"ಈಗ್ಯಾಕೆ ಬಿಡಿ ಅದು." ಹೆಂಡತಿ ಕೈಮುಗಿದರು. "ಅಷ್ಟು ನಷ್ಟ ಆದ್ರೂ ನೀವು ದೊಡ್ಡ ಮನಸ್ಸು ಮಾಡಿದ್ರಿ, ಕೆಲಸದಿಂದ ತೆಗೆಸಲಿಲ್ಲ. ಸಾಯೋವರೆಗೂ ನೆನೀತಿದ್ರು."

ಹೊರಗೆ ವ್ಯಾನ್ ಬಂದು ನಿಂತಿತು.

"ಹೊರಡೋ ಮುಂಚೆ ಅಡುಗೆಮನೆ ಗ್ಯಾಸ್ ಒಂದ್ಸಲ ನೋಡ್ಬಿಡಿ ಮೇಡಂ. ಅವರಿದ್ದಿದ್ರೆ ಮೂರು ಸಲ ನೋಡೋರು," ಎಂದರು ಹೆಂಡತಿ.

ಸಿಲಿಂಡರಿಗೆ ಚೀಟಿಯೊಂದು ಅಂಟಿತ್ತು. ಕಾಳುಮಾಮನ ದುಂಡಗಿನ ಅಕ್ಷರ: 'ಮುಚ್ಚಿದೆಯಾ? ನಂಬಬೇಡ, ಮುಟ್ಟಿ ನೋಡು.'

ಮುಚ್ಚಿತ್ತು. ಅವಳು ಮುಟ್ಟಿ ನೋಡಿದಳು. ಹೊರಗಿನಿಂದ ಕರೆದರು. ಮತ್ತೆ ಬಗ್ಗಿ ಮುಟ್ಟಿದಳು, ಇನ್ನೊಮ್ಮೆ ಮುಟ್ಟಿದಳು.