ಮದಿಮಾಳ್ ಟಯರು

ಆಲೆಟ್ಟಿ ಕಡೆಗೆ ಹೋಗುವ ಸರ್ವಿಸ್ ಜೀಪುಗಳಿಗೆ ವರ್ಷಕ್ಕೊಮ್ಮೆ ಮದುವೆಯ ಸಡಗರ. ಪುತ್ತೂರಿಗೆ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಹೋಗುವ ದಿನ ಹತ್ತಿರ ಬಂತೆಂದರೆ ಅವು ಮೈ ತೊಳೆದು, ಬಣ್ಣ ಬಳಿಸಿಕೊಂಡು, ಸತ್ತ ಹಾರ್ನು, ಮುರಿದ ವೈಪರುಗಳಿಗೆಲ್ಲ ಜೀವ ತುಂಬಿಸಿಕೊಂಡು ಹೊರಡುತ್ತವೆ. ಕೊನೆಯ ಅಲಂಕಾರ ಟಯರಿನದು. ಸುಳ್ಯದ ಶಿಹಾಬನ ಗ್ಯಾರೇಜಿನ ಅಟ್ಟದಲ್ಲಿ ನಾಲ್ಕು ಒಳ್ಳೆಯ ಟಯರುಗಳಿವೆ, ಸ್ಟ್ಯಾಂಡಿನವರೆಲ್ಲ ಸೇರಿ ತೆಗೆದಿಟ್ಟದ್ದು. ಎಫ್‌ಸಿಯ ದಿನ ಅವು ಕೆಳಗಿಳಿದು, ಬ್ರೇಕ್ ಇನ್‌ಸ್ಪೆಕ್ಟರ ಎದುರು ಮೆರೆದು, ಸಂಜೆಗೆ ಮತ್ತೆ ಅಟ್ಟ ಸೇರುತ್ತವೆ. ಅವುಗಳ ಹೆಸರು ‘ಮದಿಮಾಳ್’, ಅಂದರೆ ಮದುಮಗಳು. ಮರುದಿನದಿಂದ ಜೀಪಿಗೆ ಅದೇ ಬೋಳು ಟಯರು, ಒಳಗೆ ಅದೇ ಊರ ಜನ. ಇದರಲ್ಲಿ ತಪ್ಪೇನಿದೆಯೆಂದು ಆ ಸ್ಟ್ಯಾಂಡಿನಲ್ಲಿ ಒಬ್ಬನೂ ತಲೆ ಕೆಡಿಸಿಕೊಂಡವನಲ್ಲ.

ಕುಮುದಿನಿಯೂ ಕೆಡಿಸಿಕೊಂಡಿರಲಿಲ್ಲ, ಕಳೆದ ಮಳೆಗಾಲದವರೆಗೆ. ಗಂಡ ಕೃಷ್ಣಮೋಹನನ ಬೆನ್ನು ಕೈಕೊಟ್ಟ ಮೇಲೆ ಜೀಪಿನ ಸ್ಟಿಯರಿಂಗು ಅವಳ ಕೈಗೆ ಬಂದಿತ್ತು. ಶಾಲೆ ಮಕ್ಕಳ ಟ್ರಿಪ್ಪೂ ಅವಳದೇ. ಜೂನ್ ತಿಂಗಳ ಒಂದು ಸಂಜೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಜೀಪು ನಿಲ್ಲದೆ ಜಾರಿ ಚರಂಡಿಗಿಳಿಯಿತು. ದೊಡ್ಡದೇನೂ ಆಗಲಿಲ್ಲ. ಸುಹಾನಾ ಎಂಬ ಪುಟ್ಟ ಹುಡುಗಿಯ ಹಣೆಗೆ ಹೊಲಿಗೆ ಬಿತ್ತು, ಅಷ್ಟೆ. ಆದರೆ ಊರಿಗೆ ಅಷ್ಟು ಸಾಕಾಯಿತು. ಹೆಂಗಸು ಗಾಡಿ ಬಿಟ್ಟರೆ ಇನ್ನೇನಾಗುತ್ತದೆ ಎಂದರು. ಅದೇ ಮಾತನ್ನು ಸುಹಾನಾಳ ಅಜ್ಜಿ ಕುಂಞಿಪಾತುಮ್ಮ ನಡುಬೀದಿಯಲ್ಲಿ ಕುಮುದಿನಿಯ ಮುಖಕ್ಕೇ ಹೇಳಿದರು. ಸ್ಟ್ಯಾಂಡಿನ ಅಧ್ಯಕ್ಷ ತೀರ್ಥರಾಮ, ಕೃಷ್ಣಮೋಹನನ ದೊಡ್ಡಪ್ಪನ ಮಗ, ಬಹಳ ಮರುಕ ತೋರಿಸುತ್ತಾ ಮಕ್ಕಳನ್ನೆಲ್ಲ ತನ್ನ ಜೀಪಿಗೆ ಹತ್ತಿಸಿಕೊಂಡ. ತೀರ್ಥರಾಮನ ಮರುಕ ಯಾವತ್ತೂ ಅವನಿಗೆ ನಷ್ಟ ಮಾಡಿದ್ದಿಲ್ಲ.

ಅಂದಿನಿಂದ ಕುಮುದಿನಿಯ ಜೀಪು ಹೊತ್ತದ್ದು ತೆಂಗಿನಕಾಯಿ ಮತ್ತು ಹಿಂಡಿಯ ಚೀಲ. ಅವಳಿಗೆ ದುಃಖವಾಗಲಿಲ್ಲ, ಸಿಟ್ಟು ಬಂತು. ಆ ಸಿಟ್ಟನ್ನು ಅವಳು ಎಂಟು ತಿಂಗಳು ಆರಲು ಬಿಡಲಿಲ್ಲ.

ಫೆಬ್ರವರಿಯಲ್ಲಿ ಎಫ್‌ಸಿ ಬಂತು. ಕುಮುದಿನಿ ಶಿಹಾಬನ ಗ್ಯಾರೇಜಿನಲ್ಲೇ ಬೀಡುಬಿಟ್ಟಳು. ಬ್ರೇಕ್ ಬಿಚ್ಚಿಸಿ ಹೊಸದಾಗಿ ಕೂರಿಸಿದಳು, ಸ್ಟಿಯರಿಂಗಿನ ಸಡಿಲ ತೆಗೆಸಿದಳು. ರಿಫ್ಲೆಕ್ಟರ್ ಸ್ಟಿಕ್ಕರನ್ನು ತಾನೇ ಉಗುರಿನಿಂದ ಒತ್ತಿ ಅಂಟಿಸಿದಳು. ಎಲ್ಲ ಮುಗಿದ ಮೇಲೆ ಶಿಹಾಬ್ ಏಣಿ ಹತ್ತಿ ಮದಿಮಾಳ್ ಇಳಿಸಲು ಹೋದ. ಬೇಡ ಎಂದಳು. ತನಗೆ ಅರ್ಥವಾಯಿತು ಎಂದುಕೊಂಡ. ಕಾಯಿ ಹೊತ್ತು ದುಡಿದದ್ದರಲ್ಲಿ ಅವಳು ತರಿಸಿದ ಹೊಸ ಟಯರುಗಳು ಮೂಲೆಯಲ್ಲೇ ಇದ್ದವು. ಅವಕ್ಕೆ ಕೈ ಹಾಕಿದ. ಅದೂ ಬೇಡ ಎಂದಳು.

“ಅಕ್ಕ, ಈ ಬೋಳು ಟಯರಲ್ಲಿ ಹೋದ್ರೆ ಫೇಲು ಗ್ಯಾರಂಟಿ.”

“ಆಗ್ಲಿ. ಅವತ್ತು ನಾನು ಎಂತದ್ರಲ್ಲಿ ಗಾಡಿ ಬಿಟ್ಟದ್ದು ಅಂತ ಒಬ್ಬರಾದ್ರೂ ಕಣ್ಣು ಬಿಟ್ಟು ನೋಡ್ಲಿ.”

ಸುದ್ದಿ ಸ್ಟ್ಯಾಂಡಿಗೆ ಮುಟ್ಟಲು ಎಷ್ಟು ಹೊತ್ತು? ತೀರ್ಥರಾಮ ಗ್ಯಾರೇಜಿಗೇ ಬಂದ. ಮೊದಲು ನಯವಾಗಿ ಹೇಳಿದ, ಇಷ್ಟು ವರ್ಷದಿಂದ ನಡೆದುಬಂದ ಕ್ರಮ ಎಂದ. ಇವಳು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಆಮೇಲೆ ಅಸಲು ಮಾತು ಹೊರಬಂತು. ಅವಳ ಟಯರು ನೋಡಿದ ಇನ್‌ಸ್ಪೆಕ್ಟರು ನಾಳೆ ಉಳಿದವರದ್ದನ್ನೂ ಸುಮ್ಮನೆ ಬಿಡುವುದಿಲ್ಲ, ಜನ ಕೇಳಲು ಶುರುಮಾಡುತ್ತಾರೆ. ಹಾಗೇನಾದರೂ ಆದರೆ ಸ್ಟ್ಯಾಂಡಿನಲ್ಲಿ ಅವಳ ಜೀಪಿಗೆ ಪಾಳಿ ಇಲ್ಲ.

“ಪಾಳಿ ನೀವೇ ಇಟ್ಕೊಳ್ಳಿ ಭಾವ. ನನ್ನ ಹೆಸರು ನನಗೆ ವಾಪಸ್ ಬೇಕು,” ಎಂದಳು ಕುಮುದಿನಿ.

ಒಬ್ಬಳೇ, ಖಾಲಿ ಜೀಪಿನಲ್ಲಿ, ನಿಧಾನಕ್ಕೆ ಪುತ್ತೂರಿಗೆ ಹೋದಳು. ಇನ್‌ಸ್ಪೆಕ್ಟರು ಬ್ರೇಕ್ ಹಾಕಿಸಿ ನೋಡಿದರು, ಲೈಟು ನೋಡಿದರು, ಪಕ್ಕದಲ್ಲಿ ಕೂತು ಒಂದು ಸುತ್ತು ಓಡಿಸಲು ಹೇಳಿದರು. ಗಾಡಿ ಚೆನ್ನಾಗಿ ಇಟ್ಟುಕೊಂಡಿದ್ದೀರಿ, ಚೆನ್ನಾಗಿ ಓಡಿಸುತ್ತೀರಿ ಎಂದರು. ಇಳಿದು ಬಗ್ಗಿ ನೋಡಿದವರ ಮುಖ ಗಂಟಿಕ್ಕಿತು. ಟಯರು ಬದಲಿಸಿ ತರದೆ ಪಾಸಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಅಂಗಲಾಚುತ್ತಿದ್ದರು. ಕುಮುದಿನಿ ಒಂದೇ ಪ್ರಶ್ನೆ ಕೇಳಿದಳು.

“ಸರ್, ಮಳೆಗೆ ಇಳಿಜಾರಲ್ಲಿ ಇದಕ್ಕೆ ಬ್ರೇಕ್ ಹಾಕಿದ್ರೆ?”

“ಜಾರ್ತದೆ. ಯಾರು ಓಡಿಸಿದ್ರೂ ಜಾರ್ತದೆ.”

ಯಾರು ಓಡಿಸಿದರೂ. ದಾರಿಯುದ್ದಕ್ಕೂ ಅವಳು ಆ ಎರಡು ಪದಗಳನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡು ಬಂದಳು.

ಸುಳ್ಯದ ಸ್ಟ್ಯಾಂಡಿನಲ್ಲಿ ಶಾಲೆ ಬಿಡುವ ಹೊತ್ತಿಗೆ ಮುಂಚಿನ ಗದ್ದಲ. ಕುಮುದಿನಿ ತನ್ನ ಜೀಪನ್ನು ಸಾಲಿನ ಮುಂದೆಯೇ ತಂದು ನಿಲ್ಲಿಸಿದಳು. ಪೇಟೆಯ ಸಾಮಾನು ಹಿಡಿದ ಕುಂಞಿಪಾತುಮ್ಮ, ಯಾರ ಜೀಪೆಂದು ನೋಡದೆ, ಹಿಂದಿನ ಮೆಟ್ಟಿಲಿಗೆ ಕಾಲಿಟ್ಟರು.

“ಹತ್ಬೇಡಿ ಪಾತುಮ್ಮಕ್ಕ,” ಎಂದಳು ಕುಮುದಿನಿ, ಎಲ್ಲರಿಗೂ ಕೇಳುವ ಹಾಗೆ. “ಟಯರ್ ಬೋಳು ಅಂತ ಪಾಸಾಗ್ಲಿಲ್ಲ. ಅವತ್ತು ಸುಹಾನಾನ ಹಣೆ ಒಡ್ದದ್ದು ಇದೇ ಟಯರಲ್ಲಿ. ಯಾರು ಓಡಿಸಿದ್ರೂ ಜಾರ್ತದಂತೆ.”

ತೀರ್ಥರಾಮ ಓಡೋಡಿ ಬಂದ. ಅವಳ ತಲೆ ಕೆಟ್ಟಿದೆ, ನೀವು ನನ್ನ ಜೀಪಿಗೆ ಬನ್ನಿ ಎಂದು ಕುಂಞಿಪಾತುಮ್ಮನ ಚೀಲಕ್ಕೆ ಕೈ ಹಾಕಿದ. ಮುದುಕಿ ಚೀಲ ಬಿಡಲಿಲ್ಲ. ಕುಮುದಿನಿಯ ಟಯರನ್ನು ಅಂಗೈಯಿಂದ ಸವರಿದರು. ಅಲ್ಲಿಂದ ನೇರ ತೀರ್ಥರಾಮನ ಜೀಪಿಗೆ ಹೋಗಿ, ಸೊಂಟ ಹಿಡಿದು ಬಗ್ಗಿ, ಅದರ ಟಯರನ್ನೂ ಸವರಿದರು. ಕಾಯುತ್ತಿದ್ದ ಜನ ಮಾತು ನಿಲ್ಲಿಸಿ ನೋಡಿದರು. ಇಬ್ಬರು ಮೂವರು ತಾವು ಕೂತಿದ್ದ ಜೀಪಿನಿಂದಲೇ ಇಳಿದು ಬಗ್ಗಿದರು.

“ಇದ್ರಲ್ಲಿ ನೀನು ಮಕ್ಕಳನ್ನು ಕೊಂಡೋಗುದಾ?” ಕುಂಞಿಪಾತುಮ್ಮ ಕೇಳಿದರು.

ತೀರ್ಥರಾಮ ಮಳೆಗಾಲಕ್ಕೆ ಇನ್ನೂ ದಿನ ಉಂಟು ಎಂದೇನೋ ತೊದಲಿದ. ಅವನ ಮಾತಿಗೆ ಅಲ್ಲಿ ಯಾರೂ ಸೊಪ್ಪು ಹಾಕಲಿಲ್ಲ.

ಕುಂಞಿಪಾತುಮ್ಮ ಕುಮುದಿನಿಯ ಹತ್ತಿರ ಬಂದು ನಿಂತರು. ಕ್ಷಮೆ ಕೇಳುವ ಜಾತಿಯ ಹೆಂಗಸಲ್ಲ ಅವರು.

“ಹೊಸ ಟಯರ್ ಯಾವಾಗ ಹಾಕ್ತಿ?”

“ಈಗ. ಶಿಹಾಬನಲ್ಲಿ ಉಂಟು. ನಾಳೆ ಪುನಃ ಪುತ್ತೂರಿಗೆ ಹೋಗಿ ಪಾಸ್ ಮಾಡಿಸ್ತೇನೆ.”

“ಹಾಗಾದ್ರೆ ನಾಡಿದ್ದಿಂದ ಸುಹಾನಾ ನಿನ್ನೊಟ್ಟಿಗೆ. ಇವತ್ತು ನಾನೇ ಶಾಲೆಗೆ ಹೋಗಿ ಅವಳನ್ನು ನಡೆಸಿಕೊಂಡು ಹೋಗ್ತೇನೆ.”

ಚೀಲವನ್ನು ತಲೆಗೇರಿಸಿ ಕುಂಞಿಪಾತುಮ್ಮ ಶಾಲೆಯ ದಾರಿ ಹಿಡಿದರು. ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಇನ್ನಿಬ್ಬರು ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವರ ಹಿಂದೆಯೇ ನಡೆದರು.