ಷಡ್ಡಕನ ಗೀಟು

ನಮ್ಮ ಬೀದಿಯ ತುದಿಯಲ್ಲಿ ಪೈಪು ಹಾಕಲೆಂದು ಅಗೆದಿದ್ದ ಕಂದಕವನ್ನು ನಾನು ಬೈಕಿನಲ್ಲಿ ಹಾರಿದಾಗ ಎಷ್ಟು ಮೇಲಕ್ಕೆ ಹೋಗಿದ್ದೆನೆಂದರೆ, ಬಗ್ಗಿ ನೋಡಿದರೆ ಕೆಳಗೆ ಹದ್ದಿನ ಬೆನ್ನು ಕಾಣುತ್ತಿತ್ತು. ಅದರ ಎಡ ರೆಕ್ಕೆಯಲ್ಲಿ ಒಂದು ಗರಿ ಉದುರಿತ್ತು, ಅದನ್ನೂ ಗಮನಿಸಿದೆ. ಗಾಳಿಯಲ್ಲಿದ್ದಷ್ಟು ಹೊತ್ತಿನಲ್ಲಿ ಒಂದು ಶರ್ಟಿನ ಕಾಲರ್ ಹೊಲಿದು ಮುಗಿಸಬಹುದಿತ್ತು. ಸೂಜಿ ದಾರ ತೆಗೆದುಕೊಂಡು ಹೋಗಿರಲಿಲ್ಲ, ಅಷ್ಟೇ ಕೊರತೆ. ಇಳಿಯುವಾಗ ಬಲಗಾಲಿನ ಮೂಳೆ ಮುರಿಯಿತು. ನಾನು ಒಂದು ಹನಿ ಕಣ್ಣೀರು ಹಾಕಲಿಲ್ಲ. ನಕ್ಕೆ.

ಆಸ್ಪತ್ರೆಯಲ್ಲಿ ಇದನ್ನು ನರ್ಸಿಗೆ ಹೇಳಿದೆ, ಪಕ್ಕದ ಹಾಸಿಗೆಯವನಿಗೆ ಹೇಳಿದೆ, ಸಂಜೆ ಓಡಿಬಂದ ಹೆಂಡತಿಗೂ ಅವಳ ಅಕ್ಕನಿಗೂ ಹೇಳಿದೆ. ಅಕ್ಕನ ಗಂಡ ಅಲ್ಲೇ ಗೋಡೆಗೊರಗಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡ. ತುಟಿ ಪಿಟಕ್ಕೆನ್ನಲಿಲ್ಲ. ಅವನು ನನ್ನ ಷಡ್ಡಕ. ನಾನು ದ್ವೇಷಿಸುವವರ ಪಟ್ಟಿ ಮಾಡಿದರೆ ಮೊದಲ ಹನ್ನೊಂದು ಸ್ಥಾನವೂ ಅವನೊಬ್ಬನದೇ. ಹನ್ನೆರಡನೆಯದರಲ್ಲಿ ಅವನ ಗರಗಸ.

ದ್ವೇಷಕ್ಕೆ ಕಾರಣ ಒಂದು ಶೆಡ್ಡು. ಮಾವನವರ ಮನೆಯನ್ನು ಅಕ್ಕತಂಗಿಯರಿಗೆ ನಡುಗೋಡೆ ಎಬ್ಬಿಸಿ ಪಾಲು ಮಾಡಿದ್ದರು. ಗೋಡೆ ಹಿತ್ತಿಲವರೆಗೆ ಬಂದು ನಿಂತುಬಿಟ್ಟಿತು. ಹಿತ್ತಿಲಲ್ಲಿದ್ದ ತಗಡಿನ ಶೆಡ್ಡು ಇಬ್ಬರಿಗೂ ಸೇರಿದ್ದು ಎಂದಾಯಿತು. ಇಬ್ಬರಿಗೂ ಸೇರಿದ್ದು ಅಂದರೆ ಜಗಳಕ್ಕೆ ಸೇರಿದ್ದು.

ನಾನು ಟೈಲರ್. ಬೇರೆ ಜಾಗವಿಲ್ಲದೆ ನನ್ನ ಕಟಿಂಗ್ ಮೇಜು ಅಡುಗೆಮನೆಯಲ್ಲಿತ್ತು. ಒಂದು ತುದಿಯಲ್ಲಿ ನಾನು ಪ್ಯಾಂಟ್ ಕತ್ತರಿಸುತ್ತಿದ್ದೆ, ಇನ್ನೊಂದು ತುದಿಯಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಗಿರಾಕಿಯೊಬ್ಬರ ಜೇಬಿನಲ್ಲಿ ಇಡೀ ಮೂಲಂಗಿ ಸಿಕ್ಕಿದ್ದುಂಟು. "ಆ ಶೆಡ್ಡಿಗೆ ಮೇಜು ಹೋಗದಿದ್ರೆ ನಾನೇ ಹೋಗ್ತೀನಿ ನೋಡಿ" ಎಂದು ಅವಳು ದಿನಕ್ಕೆ ಮುನ್ನೂರು ಸಲ ಹೇಳುತ್ತಿದ್ದಳು. ಷಡ್ಡಕ ಬಡಗಿ. ಅವನು ಬಾಡಿಗೆಗಿದ್ದ ಕಟ್ಟಡವನ್ನು ಕೆಡವುತ್ತಾರೆಂದು ಅಂಗಡಿ ಖಾಲಿ ಮಾಡಿಸುತ್ತಿದ್ದರು. ಒಂದೊಂದೇ ಹಲಗೆ ತಂದು ಶೆಡ್ಡಿನಲ್ಲಿ ಪೇರಿಸತೊಡಗಿದ. ಮಳೆಯಲ್ಲಿ ನೆನೆದರೆ ಅವನ ಮರ ಹೋಯಿತು, ಮರ ಹೋದರೆ ಕೆಲಸ ಹೋಯಿತು. ನನಗೂ ಶೆಡ್ಡು ಬೇಕು, ಅವನಿಗೂ ಬೇಕು.

ಜಾಗ ಮಾಡಲು ಅವನು ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ತನ್ನ ಹಳೆಯ ಡರ್ಟ್ ಬೈಕನ್ನು ಗುಜರಿಗೆ ಹಾಕಿದ. ಹುಡುಗನಾಗಿದ್ದಾಗ ಗುಡ್ಡ ಮಣ್ಣು ಅನ್ನದೆ ಓಡಿಸಿದ್ದ ಬೈಕು. ಮರುದಿನವೇ ನಾನು ಗುಜರಿಯವನಿಗೆ ಎರಡು ಪ್ಯಾಂಟ್ ಹೊಲಿದುಕೊಡುತ್ತೇನೆಂದು ಹೇಳಿ ಬೈಕನ್ನು ತಳ್ಳಿಕೊಂಡು ಬಂದು, ಅದೇ ಮೂಲೆಯಲ್ಲಿ, ಅವನ ಹಲಗೆಗಳಿಗೆ ತಾಗಿಸಿಯೇ ನಿಲ್ಲಿಸಿದೆ.

"ನಾನು ಎಸೆದಿದ್ದನ್ನ ಆಯ್ಕೊಂಡು ಬಂದ್ಯಾ, ಟೈಲರ್?"

"ರಿಪೇರಿ ಮಾಡಕ್ಕೆ ಬರದೆ ಎಸೆದೆ, ಮೇಸ್ತ್ರಿ. ನಾನು ಮಾಡ್ತೀನಿ. ಮಾಡಿ ನಿನ್ನ ಬಾಗಿಲ ಮುಂದೇನೇ ಓಡಿಸ್ತೀನಿ."

"ನೀನು? ಹೊಲಿಗೆ ಮಿಷಿನ್ನಿನ ಬೆಲ್ಟ್ ಕಳಚಿದ್ರೆ ಹೆಂಡತೀನ ಕೂಗೋನು."

"ಅವಳು ನಿನ್ನ ನಾದಿನಿ. ಮರ್ಯಾದೆ ಕೊಟ್ಟು ಮಾತಾಡು."

"ಅವಳಿಗೆ ಕೊಡ್ತೀನಲ್ಲ. ನಿನಗ್ಯಾಕೆ ಕೊಡ್ಲಿ?"

ಮಾತಿಗೆ ಮಾತು ಬೆಳೆದು ಅಕ್ಕತಂಗಿಯರಿಬ್ಬರೂ ಹಿತ್ತಿಲಿಗೆ ಬಂದರು. ಅವರೆದುರಿಗೇ ಪಂಥವಾಯಿತು. ಮಳೆಗಾಲ ಹಿಡಿಯುವ ಮೊದಲು ನಾನು ಆ ಬೈಕಿನ ಮೇಲೆ ಕೂತು ಬೀದಿಯ ತುದಿ ದಾಟಿದರೆ ಶೆಡ್ಡು ನನ್ನದು, ಅವನು ಹಲಗೆ ಎತ್ತಿಕೊಳ್ಳಬೇಕು. ದಾಟದಿದ್ದರೆ ಶೆಡ್ಡು ಅವನದು, ಬೈಕು ಮತ್ತೆ ಗುಜರಿಗೆ.

ನನ್ನ ಕೈಯಲ್ಲಿ ಕಾಸಿರಲಿಲ್ಲ. ತಲೆಯಲ್ಲಿ ಮಿದುಳಿತ್ತು, ಅದೂ ಮೂರು ಜನಕ್ಕಾಗುವಷ್ಟು. ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕು ಬಿಡಿಸಲು ಒಂದು ಹಿಡಿ ನಟ್ಟುಗಳನ್ನೂ ಸೀಮೆಎಣ್ಣೆಯನ್ನೂ ಹಾಕಿ, ಮಗುವಿನ ಹಾಗೆ ತೋಳಲ್ಲಿಟ್ಟುಕೊಂಡು ಅಲುಗಾಡಿಸಿದೆ. ಆ ಸದ್ದಿಗೆ ಅರ್ಧ ಊರು ಭೂಕಂಪ ಎಂದು ಹೊರಗೆ ಬಂದಿತ್ತು. ಚೈನನ್ನು ಹಳೆಯ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಬ್ರೇಕಿನ ತಂತಿಯನ್ನು ಮೂಲೆ ಸೇರಿದ್ದ ಸೈಕಲ್ಲಿನಿಂದ ತೆಗೆದೆ. ಮಡ್‌ಗಾರ್ಡನ್ನು ಪ್ಲಾಸ್ಟಿಕ್ ಡ್ರಮ್ಮಿನಿಂದ ಕತ್ತರಿಸಿದೆ, ಕೋಟಿನ ತೋಳು ಕತ್ತರಿಸಿದ ಹಾಗೆ, ಒಂದೇ ಏಟಿಗೆ. ಪಿಸ್ಟನ್ ರಿಂಗಿಗೆ ಮೆಕ್ಯಾನಿಕ್ಕಿನ ಮಗಳ ಶಾಲಾ ಯೂನಿಫಾರ್ಮ್ ಹೊಲಿದುಕೊಟ್ಟೆ. ಸೀಟಿಗೆ ಹಳೆಯ ಹಾಸಿಗೆಯ ಸ್ಪಂಜು ತುಂಬಿ, ಕಡುಗೆಂಪು ರೆಕ್ಸಿನ್ನಿನ ಹೊದಿಕೆ ಹೊಲಿದೆ. ಅಂಥ ಹೊಲಿಗೆಯನ್ನು ರಾಜರ ಸಿಂಹಾಸನಕ್ಕೂ ಯಾರೂ ಹಾಕಿರಲಾರರು.

ಅವನು ದಿನಾ ಹಲಗೆ ಇಡಲು ಬರುತ್ತಿದ್ದ. ನೋಡುತ್ತಿದ್ದ. ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿಕೊಳ್ಳುತ್ತಿದ್ದ.

"ಲಂಗ ಹೊಲಿದಾಯ್ತಾ ಅದಕ್ಕೆ? ಇನ್ನು ಹೂ ಮುಡಿಸು."

"ನಿನ್ನ ಮಂಚ ಕಿರಕಿರ ಅನ್ನೋದು ಗೋಡೆ ಆಚೆಗೆ ಕೇಳುತ್ತೆ, ಮೇಸ್ತ್ರಿ. ಮೊದಲು ಅದನ್ನ ಸರಿಮಾಡ್ಕೊ."

ಅವನು ಒಂದು ಸಹಾಯದ ಮಾತು ಆಡಲಿಲ್ಲ, ನಾನು ಕೇಳಲೂ ಇಲ್ಲ. ಅಷ್ಟೇ ಅಲ್ಲ, ಆ ಬೈಕಿನಲ್ಲಿ ಅವನ ಒಂದು ಗುರುತೂ ಉಳಿಯಬಾರದೆಂದು ತೀರ್ಮಾನಿಸಿದೆ. ಟ್ಯಾಂಕಿನ ಮೇಲೆ ಅವನು ಬರೆಸಿದ್ದ ಮಿಂಚಿನ ಚಿತ್ರವನ್ನು ಕೆರೆದು ತೆಗೆದು ಗೇಟಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ ಬಳಿದೆ. ಹ್ಯಾಂಡಲ್ಲಿಗೆ ಅವನು ಕೆತ್ತಿ ಹಾಕಿದ್ದ ಮರದ ಹಿಡಿಗಳನ್ನು ಕಿತ್ತು ಒಲೆಗೆ ಹಾಕಿದೆ. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದಾಗ ಕಿಡಿ ಕೊಡುವ ದುಂಡನೆಯ ತಟ್ಟೆ ಸಿಕ್ಕಿತು. ಆ ತಟ್ಟೆಯನ್ನು ಆಚೀಚೆ ಸ್ವಲ್ಪ ತಿರುಗಿಸಬಹುದು. ಅದು ಕೂತ ಜಾಗದ ಮೇಲೆ ಕಿಡಿ ಬೇಗ ಹಾರುತ್ತದೋ ತಡವಾಗಿ ಹಾರುತ್ತದೋ ಅನ್ನುವುದು ನಿಂತಿದೆ. ಅಂಚಿನಲ್ಲಿ ಕಂಪನಿಯ ಗುರುತಿತ್ತು. ಅದರಿಂದ ಒಂದು ನೂಲು ಆಚೆಗೆ, ಮೊಳೆಯಲ್ಲಿ ಗೀಚಿದ ಒಂದು ಗೀಟು. ಹಲಗೆಗಳ ಮೇಲೆ ಅವನು ಎಳೆಯುವಂಥದೇ ಗೀಟು, ತುದಿಯಲ್ಲಿ ಸಣ್ಣ ಕೊಕ್ಕೆ. ಅದನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

ಕಂಪನಿಗಿಂತ ಇವನಿಗೆ ಹೆಚ್ಚು ಗೊತ್ತೋ ಅಂದುಕೊಂಡೆ. ತಟ್ಟೆಯನ್ನು ಕಂಪನಿಯ ಗುರುತಿಗೆ ಕೂರಿಸಿ ಸ್ಕ್ರೂ ಬಿಗಿದೆ.

ಮೋಡ ಕಟ್ಟತೊಡಗಿದ ವಾರ, ಅಕ್ಕತಂಗಿಯರಿಬ್ಬರೂ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ನಾನು ಬೈಕು ಹತ್ತಿದೆ. ಮುಂದಿನದು ನಿಮಗೆ ಗೊತ್ತಿದೆ. ಕಂದಕ, ಹದ್ದು, ಗರಿ.

ಮೂರನೆಯ ದಿನ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದೆ. ಊರುಗೋಲಿನಲ್ಲಿ ಹಿತ್ತಿಲಿಗೆ ಹೋದರೆ ಷಡ್ಡಕ ಶೆಡ್ಡಿನಿಂದ ಹಲಗೆಗಳನ್ನು ಹೊರಗೆ ತಂದು ಗೋಡೆಗೆ ಆನಿಸುತ್ತಿದ್ದ. ಆಕಾಶ ಕಪ್ಪಾಗಿತ್ತು. ಅತ್ತಿಗೆ, ಅಂದರೆ ಅವನ ಹೆಂಡತಿ, ಹರಕು ಟಾರ್ಪಾಲು ಹಿಡಿದು ನಿಂತಿದ್ದರು. ನನ್ನ ಕಡೆ ನೋಡಲೂ ಇಲ್ಲ.

"ಪಂಥ ಅಂದ್ರೆ ಪಂಥ," ಎಂದ ಷಡ್ಡಕ, ಹಲಗೆಗೆ ಹೇಳುವವನಂತೆ. "ಹಾರಿದ್ದಾನೆ. ಇಟ್ಕೊಳ್ಳಲಿ. ಇನ್ಮೇಲೆ ನನ್ನ ಮುಖ ನೋಡೋದು ಬೇಡ, ನಾನೂ ಅವನ ಮುಖ ನೋಡಲ್ಲ."

ನಾನು ಗೆದ್ದವನ ಹಾಗೆ ಎದೆ ಉಬ್ಬಿಸಲು ನೋಡಿದೆ. ಊರುಗೋಲು ಕಂಕುಳಿಗೆ ಚುಚ್ಚಿತು.

ಅಷ್ಟರಲ್ಲಿ ನನ್ನ ಹೆಂಡತಿ ಶೆಡ್ಡಿನೊಳಗಿಂದ ಬಂದಳು. ಕೈಯಲ್ಲಿ ಬೈಕಿನ ಸೀಟಿನ ಹೊದಿಕೆ. ಒರೆಸಿಡೋಣವೆಂದು ಬಿಚ್ಚಿದ್ದಳಂತೆ.

"ರೀ, ಇದರ ಮೇಲೆ ನೀವು ಎಲ್ಲಿ ಕೂತಿದ್ರಿ?"

"ಎಲ್ಲಿ ಅಂದ್ರೆ? ಓಡಿಸೋನು ಎಲ್ಲಿ ಕೂರ್ತಾನೋ ಅಲ್ಲೇ. ಮುಂದೆ."

ಅವಳು ಹೊದಿಕೆಯನ್ನು ಹಲಗೆಯ ಮೇಲೆ ಹರವಿದಳು. ನಾನೇ ಹಾಕಿದ ಹೊಲಿಗೆ. ಸಂದಿಸಂದಿಯಲ್ಲಿ ಏನು ಕೂತರೂ ಬಿಡದಷ್ಟು ಒತ್ತಾಗಿ ಹಾಕಿದ್ದೆ. ಮುಂದಿನ ಹೊಲಿಗೆಗಳ ತುಂಬ ಮರದ ಹೊಟ್ಟು. ಹಿಂದೆ, ತೀರಾ ತುದಿಯಲ್ಲಿ, ಬಿಳಿಯ ಪುಡಿ ಒತ್ತಿ ಮೆತ್ತಿಕೊಂಡಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ನಾನು ಹಿಂದಿನ ಜೇಬಿನಲ್ಲಿ ಸದಾ ಇಟ್ಟುಕೊಳ್ಳುವುದು ಅದೇ.

"ಹೊಟ್ಟು ಮೆತ್ಕೊಂಡಿರೋದು ಯಾರ ಪ್ಯಾಂಟಿಗೆ, ಭಾವ?" ಎಂದಳು.

ಷಡ್ಡಕ ಹಲಗೆಯ ಧೂಳು ಒರೆಸಿದ. ಅತ್ತಿಗೆ ಟಾರ್ಪಾಲು ಕೆಳಗಿಟ್ಟರು.

"ಹೇಳ್ರಿ," ಎಂದಳು ಹೆಂಡತಿ, ಈ ಸಲ ನನಗೆ. "ಹದ್ದು ಬೇಡ. ನಡೆದಿದ್ದು ಹೇಳಿ."

ಹೇಳಿದೆ. ಆ ಮಧ್ಯಾಹ್ನ ಬೈಕು ಶೆಡ್ಡಿನಿಂದ ಹೊರಗೇ ಬಂದಿರಲಿಲ್ಲ. ಮನೆಯ ಚಪ್ಪಲಿ ಹಾಕಿಕೊಂಡೇ ಕಿಕ್ಕರ್ ಒದ್ದೆ. ಎಂಜಿನ್ ಒಂದು ಸಲ ಕೆಮ್ಮಿತು, ಕಿಕ್ಕರ್ ಹಿಂದಕ್ಕೆ ಚಿಮ್ಮಿ ನನ್ನ ಕಾಲಿಗೆ ಬಡಿಯಿತು. ಮೂಳೆಯ ಸದ್ದು ನನಗೇ ಕೇಳಿಸಿತು. ನಾನು ನಗಲಿಲ್ಲ. ಆರು ವರ್ಷದಲ್ಲಿ ಮೇಸ್ತ್ರಿ ಎಂದಲ್ಲದೆ ಕರೆಯದವನನ್ನು "ಅಣ್ಣಾ, ಅಣ್ಣಾ" ಎಂದು ಕೂಗಿಕೊಂಡೆ.

ಅವನು ಬೀದಿಯಿಂದ ಕಾಂಪೌಂಡ್ ಗೋಡೆ ಹಾರಿ ಬಂದ. ಆ ದಿನ ಏನಾದರೂ ಹಾರಿದ್ದರೆ ಅದೊಂದೇ. ಆಂಬುಲೆನ್ಸಿಗೆ ಫೋನ್ ಮಾಡಿದ. ಕಂದಕ ಇದೆ, ಒಳಗೆ ಬರಲಾಗದು, ದೊಡ್ಡ ರಸ್ತೆಗೆ ಕರೆತನ್ನಿ ಎಂದರು.

"ನಿನ್ನನ್ನ ಹೊತ್ಕೊಂಡು ಅಷ್ಟು ದೂರ ಹೋಗೋಕೆ ನನ್ನ ಸೊಂಟ ಬಿಟ್ಟಿ ಬಂದಿಲ್ಲ," ಎಂದು ಬೈಕಿನ ಪಕ್ಕದ ಮುಚ್ಚಳ ಬಿಚ್ಚಿದ. ನೋಡಿದ. ಬೆರಳಲ್ಲಿ ಸವರಿದ. "ಇಲ್ಲಿ ನನ್ನದೊಂದು ಗೀಟಿತ್ತು. ಈ ತಟ್ಟೆ ಬೇರೆ ಎಂಜಿನ್ನಿಂದು ಕಣೋ, ಕಂಪನಿ ಗುರುತಿಗೆ ಇಟ್ರೆ ಕಿಡಿ ಮೊದಲೇ ಹಾರಿ ಒದೆಯುತ್ತೆ. ಗೀಟೆಲ್ಲಿ?"

"ತುಕ್ಕು ತಿಂದಿತ್ತು," ಎಂದೆ.

ಅವನ ಮುಖ ಸಣ್ಣದಾಯಿತು. ಪ್ಲಗ್ಗು ಬಿಚ್ಚಿ, ಪಿಸ್ಟನ್ ಎಷ್ಟು ಮೇಲಿದೆಯೆಂದು ಅಳೆಯಲು ಆ ತೂತಿನೊಳಕ್ಕೆ ಕಿವಿಯ ಪೆನ್ಸಿಲ್ ಇಳಿಬಿಟ್ಟ. ಚಕ್ರವನ್ನು ಮೆಲ್ಲಗೆ ತಿರುಗಿಸಿದ ಹಾಗೆ ಪೆನ್ಸಿಲ್ ಮೇಲೆ ಬಂತು. ಸ್ಟೀಲ್ ಸ್ಕೇಲು ಹಿಡಿದು ಎರಡು ಗೆರೆಯಷ್ಟು ಹಿಂದಕ್ಕೆ ಇಳಿಸಿದ. ಸಿಗರೇಟ್ ಪ್ಯಾಕಿನ ತೆಳು ಕಾಗದ ಹರಿದು ತಟ್ಟೆಯ ಮೇಲೆ ಕಿಡಿ ಹುಟ್ಟಿಸುವ ಸಂದಿಗೆ ಸಿಕ್ಕಿಸಿ, ಅದರ ತುದಿಯನ್ನು ನನ್ನ ಕೈಗೆ ಕೊಟ್ಟ.

"ಎಳೀತಾ ಇರು. ನಾನು ತಟ್ಟೆ ತಿರುಗಿಸ್ತೀನಿ. ಕಾಗದ ಸಡಿಲ ಆದಾಗಲೇ ಕಿಡಿ ಹಾರೋದು. ಆ ಕ್ಷಣ ಹೇಳು."

"ಕಾಲು ನೋಯ್ತಿದೆ."

"ಕಾಗದ ಹಿಡಿಯೋದು ಕೈಯಲ್ಲಿ."

ಸಡಿಲವಾಯಿತು, ಹೇಳಿದೆ, ಬಿಗಿದ. ಮೂರನೆಯ ಒದೆತಕ್ಕೆ ಬೈಕು ಶುರುವಾಯಿತು. ಎಂಟು ತಿಂಗಳು ನಾನು ಕೇಳಲು ಕಾದಿದ್ದ ಸದ್ದು ಅವನ ಕಾಲಿಗೆ ಸಿಕ್ಕಿತು. ನನ್ನನ್ನು ಎತ್ತಿ ಹಿಂದೆ ಕೂರಿಸಿದ.

"ಹಿಡ್ಕೊ."

"ನಿನ್ನನ್ನ ಹಿಡ್ಕೊಳ್ಳಲ್ಲ."

"ಹಾಗಾದ್ರೆ ಬಿದ್ದು ಸಾಯಿ."

ಹಿಡಿದುಕೊಂಡೆ. ಎರಡೂ ಕೈಯಲ್ಲಿ, ಬೆನ್ನಿಗೆ ಮುಖ ಒತ್ತಿ, ಕಣ್ಣು ಮುಚ್ಚಿ. ಹೊರಡುವ ಮೊದಲೇ ಕಂದಕಕ್ಕೆ ತನ್ನದೇ ಒಂದು ಒಳ್ಳೆಯ ಹಲಗೆ ಹಾಸಿ ಬಂದಿದ್ದ. ಅದರ ಮೇಲೆ ದಾಟಿಸಿದ. ನಾವು ಆಚೆ ಸೇರುವಾಗ ಹಲಗೆ ಸೀಳಿದ ಸದ್ದು ಕೇಳಿತು.

ಇಷ್ಟು ಹೇಳಿ, ಸುಮ್ಮನಾಗಬೇಕಾದವನು ಸುಮ್ಮನಾಗಲಿಲ್ಲ. "ಆದ್ರೂ ಪಂಥ ಆಗಿದ್ದು ಬೈಕಿನ ಮೇಲೆ ಕೂತು ದಾಟಬೇಕು ಅಂತ. ಹಿಂದೆಯೋ ಮುಂದೆಯೋ, ಕೂತಿದ್ದೆ ತಾನೆ?" ಎಂದೆ.

ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಪ್ಲಾಸ್ಟರ್ ಕರಗಬೇಕಿತ್ತು.

"ಇರಲಿ ಬಿಡಮ್ಮ," ಎಂದ ಷಡ್ಡಕ. ಅವನು ಇನ್ನೊಂದು ಹಲಗೆ ಹೆಗಲಿಗೆತ್ತಿದ್ದ. "ನಾನು ಅದಕ್ಕೇ ಬಾಯಿ ಬಿಡಲಿಲ್ಲ. ಕಾಲು ಮುರಿದಿದ್ದು ನನ್ನಿಂದ. ಇವನು ಮಣ್ಣು ತಿನ್ನಲಿ ಅಂತಾನೇ ಆ ಎಂಜಿನ್ನಿನ ವಿಷಯ ಒಂದು ಮಾತು ಹೇಳಲಿಲ್ಲ. ಗೀಟು ಇದೆಯಲ್ಲ, ನೋಡ್ಕೊಳ್ತಾನೆ ಅಂದ್ಕೊಂಡೆ. ಗೀಟು ತುಕ್ಕು ತಿಂದಿರಬಹುದು ಅಂತ ಹೊಳೀಲಿಲ್ಲ. ಶೆಡ್ಡು ಆ ಕಾಲಿಗೆ. ಇವನ ಮುಖಕ್ಕಲ್ಲ."

ಒಂದು ಹನಿ ಅವನ ಹಲಗೆಯ ಮೇಲೆ ಬಿತ್ತು. ಇನ್ನೊಂದು ಬಿತ್ತು. ಒಣಮರದ ಮೇಲೆ ಮಳೆಹನಿ ಕಪ್ಪಗೆ ಹರಡುವುದನ್ನು ನೋಡುತ್ತ ನಿಂತೆ.

"ತುಕ್ಕಲ್ಲ," ಎಂದೆ.

ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

"ಗೀಟನ್ನ ತುಕ್ಕು ತಿಂದಿದ್ದಲ್ಲ. ಮರಳುಕಾಗದ ಹಾಕಿ ನಾನೇ ಉಜ್ಜಿದೆ."

ಅವನು ನಿಂತ. "ಏನೋ ಕೊಳೆ ಅಂದ್ಕೊಂಡ್ಯಾ?"

"ಇಲ್ಲ. ಕೊಕ್ಕೆ ನೋಡಿದೆ. ನಿನ್ನದು ಅಂತ ಗೊತ್ತಿತ್ತು. ಅದಕ್ಕೇ ಉಜ್ಜಿದೆ."

"ಎಷ್ಟು ಹೊತ್ತು ಉಜ್ಜಿದ್ರಿ?" ಎಂದಳು ಹೆಂಡತಿ. ಅವಳ ದನಿ ನನಗೆ ಗುರುತು ಸಿಗಲಿಲ್ಲ.

ಅರ್ಧ ದಿನ ಎಂದು ಬಾಯಿಗೆ ಬಂತು. ಅಷ್ಟು ಆಳವಿತ್ತು, ಅಷ್ಟು ಕಷ್ಟಪಟ್ಟೆ ಎಂದೂ ಬಂತು.

"ಎರಡು ನಿಮಿಷ," ಎಂದೆ. "ಆಳ ಇರಲಿಲ್ಲ. ನನ್ನ ಉಗುರಿನಷ್ಟು ಉದ್ದ, ಅಷ್ಟೆ."

ಷಡ್ಡಕ ಹೆಗಲ ಮೇಲಿನ ಹಲಗೆಯನ್ನು ಇಳಿಸಲಿಲ್ಲ. ಹಾಗೇ ತಿರುಗಿ ಶೆಡ್ಡಿನ ಬಾಗಿಲ ಕಡೆಗೆ ಬಂದ. ಬಾಗಿಲಿಗೆ ಅಡ್ಡವಾಗಿ ನಾನಿದ್ದೆ.

"ದಾರಿ ಬಿಡು, ಟೈಲರ್."

ಊರುಗೋಲು ಎತ್ತಿ ಪಕ್ಕಕ್ಕಿಟ್ಟು, ಒಂಟಿಕಾಲಲ್ಲಿ ಮಳೆಗೆ ಸರಿದು ನಿಂತೆ.