ಮೂರು ಬಟಾಣಿ ಕಾಯಿ

“ಸಾಕ್ಷಿ ಸೋತ, ನೀನು ಗೆದ್ದೆ. ಒಪ್ಪಿದೆ. ಈಗ ಹಾಳೆ ನೋಡು,” ಎಂದರು ಟೈಪಿಸ್ಟಮ್ಮ.

ಪಟಾಕಿ ಹಾಳೆ ನೋಡಿದಳು. ಕಾನೂನು ಪದವಿ ಮುಗಿಸಿ, ಕ್ರಿಮಿನಲ್ ಕೇಸು ನಡೆಸುವುದನ್ನು ಕಲಿಯಲು ಸೀನಿಯರ್ ವಕೀಲರ ಕಚೇರಿಗೆ ಸೇರಿದ ಮೊದಲ ದಿನವೇ ಈ ಅಡ್ಡಹೆಸರು ಅಂಟಿತ್ತು. ಮಾತಿಗೆ ನಿಂತರೆ ಉಸಿರಾಡುವುದನ್ನೂ ಮರೆಯುವ ಹುಡುಗಿಗೆ ಬೇರೆ ಹೆಸರು ಎಲ್ಲಿಂದ ತರಬೇಕು?

ಶನಿವಾರ ಮಧ್ಯಾಹ್ನ ಮೇಜು ಕುರ್ಚಿ ಸರಿಸಿ ಕಚೇರಿಯನ್ನೇ ಕೋರ್ಟು ಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ಸೀನಿಯರ್ ಅವರೇ ನ್ಯಾಯಾಧೀಶರು. ಸಾಕ್ಷಿ ಅವರ ಗುಮಾಸ್ತ. ಕೋರ್ಟಿನಲ್ಲಿ ಕಂಡ ಸುಳ್ಳುಗಾರರನ್ನೆಲ್ಲ ಅರೆದು ಕುಡಿದ ಆಸಾಮಿ. ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿ ನಿವೃತ್ತರಾದ ಟೈಪಿಸ್ಟಮ್ಮ ಮೂಲೆಯಲ್ಲಿ ತಮ್ಮ ಹಳೆಯ ಯಂತ್ರದ ಮುಂದೆ ಕೂತು, ಕೋರ್ಟಿನಲ್ಲಿದ್ದಂತೆಯೇ ನ್ಯಾಯಾಧೀಶರು ಹೇಳಿ ಬರೆಸಿದ್ದನ್ನಷ್ಟೇ ಟೈಪು ಮಾಡುತ್ತಿದ್ದರು.

ಆದರೆ ಅಂದಿನ ಪಾಟೀ ಸವಾಲು ಬರೀ ಆಟವಲ್ಲ. ಗೋದಾಮಿನಿಂದ ತಾಮ್ರದ ತಂತಿ ಕದ್ದನೆಂದು ಅಲ್ಲಿನ ಕಾವಲುಗಾರನ ಮೇಲೆ ಕೇಸಿತ್ತು; ಅವನ ಪರ ವಕೀಲರು ಸೀನಿಯರ್. ಕರೆಂಟು ಹೋಗಿ ಕತ್ತಲಾಗಿದ್ದ ಸಂಜೆ ಅವನು ತಂತಿ ಹೊತ್ತು ಗೇಟು ದಾಟಿದ್ದನ್ನು ಕಂಡೆ ಎನ್ನುವವನು ಎದುರು ಮಹಡಿಯ ದರ್ಜಿ ಒಬ್ಬನೇ. ಸೋಮವಾರ ನಿಜವಾದ ಕೋರ್ಟಿನಲ್ಲಿ ಆ ದರ್ಜಿಯನ್ನು ಪ್ರಶ್ನಿಸುವ ಅವಕಾಶ ಪಟಾಕಿಗೆ ಸಿಗುವುದಿತ್ತು. ಅವಳಿಗದು ಮೊದಲನೆಯದು. ಶನಿವಾರ ಪಾಸಾದರೆ ಮಾತ್ರ.

ದರ್ಜಿಯ ಪಾತ್ರದಲ್ಲಿದ್ದ ಗುಮಾಸ್ತನಿಂದ “ಮುಖ ಕಾಣ್ಲಿಲ್ಲ” ಎಂಬ ಮಾತನ್ನು ಅವಳು ಹೊರಡಿಸಿಯೂ ಇದ್ದಳು. ಹಾಳೆಯಲ್ಲಿ ಆ ಮಾತೇ ಇರಲಿಲ್ಲ. ಅಲ್ಲಿದ್ದದ್ದು, ‘ನಡಿಗೆ ನೋಡಿ ಅವನೇ ಎಂದು ಗುರುತಿಸಿದೆ.’

“ಇದೇನಮ್ಮಾ, ಮುಖ್ಯವಾದದ್ದೇ ಬಿಟ್ಟುಹೋಗಿದೆ?”

“ಯಾರಿಂದ ಹೋಯ್ತು ತಾಯಿ? ಅವನು ಹೇಳಿದ, ಸಾಹೇಬ್ರು ಅದನ್ನ ನನಗೆ ಬರೆಸೋಕೆ ಬಾಯಿ ತೆಗೆದ್ರು. ಅಷ್ಟ್ರಲ್ಲಿ ನೀನು ‘ಹಾಗಾದ್ರೆ ಇವನೇ ಅಂತ ಹೇಗೆ ಹೇಳಿದ್ರಿ’ ಅಂತ ಮೇಲೆ ಬಿದ್ದೆ. ಅವನು ನಡಿಗೆ ಅಂದ. ಹಾಳೆಗೆ ಅದೇ ಬಂತು.”

ಗುಮಾಸ್ತ ಮೀಸೆಯಡಿ ನಕ್ಕ. ಸೀನಿಯರ್ ನಗಲಿಲ್ಲ. “ಬರಹಕ್ಕೆ ಬರದ ಉತ್ತರ ಆ ಮನುಷ್ಯನನ್ನ ಜೈಲಿಂದ ಉಳಿಸಲ್ಲಮ್ಮ. ಸೋಮವಾರ ನಾನೇ ನಿಲ್ತೀನಿ.”

“ಸರ್, ಒಂದೇ ಒಂದು ದಿನ ಕೊಡಿ, ಸರಿ ಮಾಡ್ಕೊತೀನಿ, ಖಂಡಿತ ಸರ್, ನಾನು...”

“ಸೋಮವಾರ ಕೋರ್ಟಿನ ಮೆಟ್ಟಿಲ ಹತ್ರ ‘ಮಾಡ್ತೀಯಾ’ ಅಂತ ಕೇಳ್ತೀನಿ. ಉತ್ತರಾನ ಚಿಕ್ಕದಾಗಿ, ನಿಧಾನಕ್ಕೆ ಹೇಳಿದ್ರೆ ನೀನೇ ನಿಲ್ಲು.”

ಮನೆಯಲ್ಲಿ ತಾಯಿ ಬಟಾಣಿ ಸುಲಿಯುತ್ತಿದ್ದರು. ಪಟಾಕಿ ಪಕ್ಕದಲ್ಲಿ ಕುಸಿದು ಕುಳಿತಳು.

“ಅಮ್ಮಾ, ಬಾಯಿಗೆ ಬೀಗ ಹಾಕೋದು ಹೇಗೆ?”

“ಇಪ್ಪತ್ನಾಲ್ಕು ವರ್ಷದಿಂದ ನಾನೂ ಅದನ್ನೇ ಹುಡುಕ್ತಿದೀನಿ,” ಎಂದರು ತಾಯಿ. ಆದರೂ ಕಥೆಯೆಲ್ಲ ಕೇಳಿ ಒಂದು ಕಾಯಿಯನ್ನು ಮಗಳ ಕೈಗಿಟ್ಟರು. “ಪ್ರಶ್ನೆ ಕೇಳು. ಆಮೇಲೆ ಇದನ್ನ ಬಿಡಿಸು. ಕೊನೇ ಕಾಳು ಬೀಳೋವರೆಗೂ ತುಟಿ ಪಿಟಕ್ ಅನ್ಬಾರದು.”

ಭಾನುವಾರವಿಡೀ ಅದೇ ಕೆಲಸ. ತಾಯಿಯೇ ದರ್ಜಿ. “ಬಾಯಿ ಮುಚ್ಚು, ಇನ್ನೂ ಎರಡು ಕಾಳಿದೆ,” ಎಂದು ನೂರು ಸಲ ಗದರಿರಬೇಕು. ಸಂಜೆ ತಂದೆ ಒಳಗೆ ಇಣುಕಿ, “ಮನೆ ಇಷ್ಟು ತಣ್ಣಗಿದೆಯಲ್ಲ, ಯಾರಿಗೆ ಹುಷಾರಿಲ್ಲ?” ಎಂದು ಗಾಬರಿಯಾದರು.

ಸೋಮವಾರ ಹೊರಡುವಾಗ ತಾಯಿ ಅವಳ ಕರಿ ಕೋಟಿನ ಜೇಬಿಗೆ ಮೂರು ಕಾಯಿ ಹಾಕಿದರು. “ಕೇಳೋದು ಮೂರು ತಾನೆ? ನಾಲ್ಕನೇದಕ್ಕೆ ಕಾಯಿಲ್ಲ.”

ಕೋರ್ಟಿನ ಮೆಟ್ಟಿಲ ಬಳಿ ಸೀನಿಯರ್ ಹುಬ್ಬೇರಿಸಿದರು. ಅವಳು ಉಸಿರೆಳೆದುಕೊಂಡಳು. “ಮಾಡ್ತೀನಿ, ಸರ್,” ಎಂದು ಎರಡೇ ಮಾತಿಗೆ ನಿಲ್ಲಿಸಿದಳು. ಅವರು ಕಡತವನ್ನು ಅವಳ ಕೈಗೆ ಕೊಟ್ಟರು.

ದರ್ಜಿ ಕಟಕಟೆ ಹತ್ತಿದ. ಗೇಟಿಗೂ ನಿಮ್ಮ ಮಹಡಿಗೂ ಎಷ್ಟು ದೂರ? ಅರವತ್ತು ಹೆಜ್ಜೆ. ಜೇಬಿನೊಳಗೆ ಮೊದಲ ಕಾಯಿ ಬಿಚ್ಚಿತು. ಕರೆಂಟು ಬಂದದ್ದು ಅವನು ಹೋದ ಮೇಲೆ ತಾನೆ? ಹೌದು. ಎರಡನೆಯದು.

“ಹಾಗಾದರೆ ನಿಮಗೆ ಅವನ ಮುಖ ಕಾಣಲಿಲ್ಲ?”

ದರ್ಜಿ ಕತ್ತಿನ ಬೆವರು ಒರೆಸಿಕೊಂಡ. “ಮುಖ... ಕಾಣ್ಲಿಲ್ಲ.”

ನ್ಯಾಯಾಧೀಶರು ಕೆಮ್ಮಿದರು. ನೀರು ಕುಡಿದರು. ಕನ್ನಡಕ ಒರೆಸಿದರು. ಪಟಾಕಿಯ ನಾಲಿಗೆ ತುದಿಯಲ್ಲಿ ‘ಹಾಗಾದ್ರೆ’ ಕುಣಿಯುತ್ತಿತ್ತು. ಪಕ್ಕದಲ್ಲಿ ಸೀನಿಯರ್ ಅವಳನ್ನು ತಡೆಯಲು ಎದ್ದೇಬಿಡುವಂತೆ ಕುರ್ಚಿಯ ಕೈ ಹಿಡಿದುಕೊಂಡಿದ್ದರು. ಅವಳ ಹೆಬ್ಬೆರಳು ಮೂರನೆಯ ಕಾಯಿಯ ಕಾಳುಗಳನ್ನು ಒಂದೊಂದಾಗಿ ಬಿಡಿಸಿತು. ಏಳು ಕಾಳಿದ್ದವು. ನ್ಯಾಯಾಧೀಶರು ‘ಮುಖ ಕಾಣಲಿಲ್ಲ’ ಎಂದು ಬರೆಸಿದರು, ಟೈಪಿಸ್ಟರ ಕೀಲಿಮಣೆ ಟಕಟಕನೆ ಓಡಿ ನಿಂತಿತು.

ಅವಳು ಜೇಬು ತಡಕಿದಳು. ಬರೀ ಸಿಪ್ಪೆ, ಬಿಡಿ ಕಾಳು; ಬಿಡಿಸಲು ಕಾಯಿಲ್ಲ.

“ನನ್ನ ಪ್ರಶ್ನೆ ಮುಗೀತು, ಮಹಾಸ್ವಾಮಿ.”

ಸೀನಿಯರ್ ಕುರ್ಚಿಗೆ ಒರಗಿದರು. ದರ್ಜಿ ಹಾಳೆ ಓದಿ ಸಹಿ ಹಾಕಿದ.

ಹೊರಗಿನ ಬೆಂಚಿನ ಮೇಲೆ ಕಾವಲುಗಾರ ಅಳುಕುತ್ತ ಕೇಳಿದ, “ಅಷ್ಟೇನಾ ಮೇಡಂ? ನೀವು ಇನ್ನೂ ತುಂಬ ಕೇಳ್ತೀರಿ ಅಂದ್ಕೊಂಡಿದ್ದೆ.”

ಅವಳು ಜೇಬಿನಿಂದ ಕಾಳುಗಳನ್ನು ತೆಗೆದು ಅರ್ಧ ಅವನ ಅಂಗೈಗೆ ಸುರಿದಳು. ಇಬ್ಬರೂ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ ಕುಳಿತರು. ಕೊನೆಯ ಕಾಳು ಮುಗಿಯುವವರೆಗೂ ಅವಳು ಮಾತಾಡಲಿಲ್ಲ.